ಎರಡು ಸತ್ಯಗಳ ನಡುವೆ ಒಂದು ನಾಯಿಯ ತಳಿ

ಕಾನೂನನ್ನು ಚಾಚೂ ತಪ್ಪದೆ ಪಾಲಿಸಿದವನಿಂದಲೂ ಅನ್ಯಾಯ ನಡೆಯಬಹುದೇ? ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ 2010ರಲ್ಲಿ ಹೊರತಂದ 'ಕಿಮ್ಮಿತ್: ಎ ಕ್ಲ್ಯಾಶ್ ಆಫ್ ಟೂ ಟ್ರೂತ್ಸ್' ಎಂಬ ಸಾಕ್ಷ್ಯಚಿತ್ರವು ನೋಡುವವರ ಮುಂದಿಡುವ ಪ್ರಶ್ನೆ ಇದು. ಓಲೆ ಗ್ಯೆರ್ಸ್ಟಾಡ್ ಮತ್ತು ಇನ್ಯುಇಟ್ ಜನಾಂಗದವರೇ ಆದ ಜೋಲೀ ಸಾಂಗುಯಾ ಇದರ ನಿರ್ದೇಶಕರು. ಇನ್ಯುಇಟ್ ಜನರ ಭಾಷೆಯಲ್ಲಿ 'ಕಿಮ್ಮಿತ್' ಎಂದರೆ ನಾಯಿಗಳು ಎಂದರ್ಥ. ನಮಗೆ ಬಹು ದೂರದ ಹಿಮಪ್ರದೇಶದ ಕಥೆಯಾದರೂ ಇದು ಎತ್ತುವ ನೈತಿಕ ಸಮಸ್ಯೆ ಎಲ್ಲ ಕಾಲಕ್ಕೂ ಎಲ್ಲ ದೇಶಕ್ಕೂ ಸಂಬಂಧಿಸಿದ್ದಾದ್ದರಿಂದ ಇಲ್ಲಿ ವಿವೇಚಿಸುವುದು ಉಚಿತವೆನಿಸುತ್ತದೆ.

ಕೆನಡಾದ ಉತ್ತರ ಧ್ರುವಪ್ರದೇಶದ ಇನ್ಯುಇಟ್ ನಾಯಿಯು ಸುಮಾರು ಸಾವಿರ ವರ್ಷಗಳ ಹಿಂದೆ ಥೂಲೆ ಜನರೊಂದಿಗೆ ಅಲಾಸ್ಕಾದ ಕಡೆಯಿಂದ ಪೂರ್ವಕ್ಕೆ ಬಂದ ತಳಿ. ಹಿಮಬಂಡಿಯನ್ನು ಎಳೆಯುವುದು ಅದರ ಕೆಲಸಗಳಲ್ಲಿ ಒಂದು ಮಾತ್ರ. ಹೆಪ್ಪುಗಟ್ಟಿದ ಸಮುದ್ರದ ಮೇಲೆ ಸೀಲ್ ಪ್ರಾಣಿಯು ಉಸಿರಾಡುವ ರಂಧ್ರವನ್ನು ವಾಸನೆಯಿಂದ ಪತ್ತೆಹಚ್ಚುವುದು, ಹಿಮಕರಡಿಯನ್ನು ತಡೆದು ನಿಲ್ಲಿಸುವುದು, ಹಿಮಗಾಳಿಯಲ್ಲಿ ಕಣ್ಣು ಕಾಣದಾದಾಗ ಯಜಮಾನನನ್ನು ಮನೆಗೆ ಮುಟ್ಟಿಸುವುದು, ಇವೆಲ್ಲವೂ ಅದರ ವಿದ್ಯೆಗಳೇ. ಧಾನ್ಯವೇ ಬೆಳೆಯದ ಆ ನಾಡಿನಲ್ಲಿ ನಾಯಿಯಿಲ್ಲದ ಕುಟುಂಬವೆಂದರೆ ಬದುಕಿನ ಆಧಾರವನ್ನೇ ಕಳೆದುಕೊಂಡ ಕುಟುಂಬ.

1950ರ ದಶಕದಿಂದ ಈ ಜನರು ಅಲೆಮಾರಿ ಬೀಡುಗಳನ್ನು ಬಿಟ್ಟು ಸರ್ಕಾರದ ವಸತಿಗಳಿಗೆ ಬರತೊಡಗಿದರು. ಶಾಲೆ, ಚಿಕಿತ್ಸೆ, ಮನೆ, ಭತ್ಯೆ ಎಲ್ಲವೂ ಅಲ್ಲಿಯೇ ದೊರೆಯುವಂತಾಗಿದ್ದುದೇ ಇದಕ್ಕೆ ಕಾರಣ. ವಸತಿಯೊಳಗೆ ನಾಯಿಯನ್ನು ಬಿಡುವಂತಿಲ್ಲ, ಕಟ್ಟಿಹಾಕಬೇಕು ಎಂಬುದು ಕಾನೂನು. ಸಡಿಲವಾಗಿ ತಿರುಗುವ ನಾಯಿಗಳನ್ನು ಪೊಲೀಸರೂ ಇತರ ಅಧಿಕಾರಿಗಳೂ ಗುಂಡಿಟ್ಟು ಕೊಂದರು. ಮಕ್ಕಳ ಸುರಕ್ಷತೆಗಾಗಿ, ರೋಗ ತಡೆಯಲು, ಕಾನೂನಿನಂತೆಯೇ ನಡೆದುಕೊಂಡೆವು ಎಂಬುದು ಪೊಲೀಸರ ಹೇಳಿಕೆ. ನಮ್ಮನ್ನು ವಸತಿಗಳಲ್ಲಿಯೇ ಕಟ್ಟಿಹಾಕಲು ನಮ್ಮ ಕಾಲುಗಳನ್ನೇ ಕತ್ತರಿಸಿದಂತಾಯಿತು ಎಂಬುದು ಹಿರಿಯರ ಅಳಲು. ರಾಯಲ್ ಕೆನೇಡಿಯನ್ ಮೌಂಟೆಡ್ ಪೊಲೀಸ್ ಇಲಾಖೆಯು ತನ್ನ ಬಗ್ಗೆ ತಾನೇ ತನಿಖೆ ನಡೆಸಿ, ಸಂಘಟಿತ ಸಂಹಾರ ನಡೆದಿಲ್ಲವೆಂದು 2006ರಲ್ಲಿ ವರದಿ ನೀಡಿತು.

ಚಿತ್ರದ ಗುಣವೆಂದರೆ ಅದು ಉಭಯ ಪಕ್ಷಗಳಿಗೂ ಕಿವಿಗೊಡುತ್ತದೆ. ಮುದುಕರ ನೆನಪನ್ನು ಹಳೆಯ ಛಾಯಾಚಿತ್ರಗಳೊಂದಿಗೆ ಕಾಣಿಸುತ್ತದೆ. ನಿವೃತ್ತ ಪೊಲೀಸರನ್ನು ರಾಕ್ಷಸರಂತೆ ಚಿತ್ರಿಸುವ ಸುಲಭ ಮಾರ್ಗವನ್ನು ಅದು ಹಿಡಿಯುವುದಿಲ್ಲ. ಈ ಸಂಯಮ ಶ್ಲಾಘನೀಯವಾದುದು.

ಆದರೆ ಚಿತ್ರದ ಶೀರ್ಷಿಕೆಯನ್ನು ಒಪ್ಪುವುದು ಕಷ್ಟ. ಇಲ್ಲಿ ನಿಜವಾಗಿ ಎರಡು ಸತ್ಯಗಳ ಘರ್ಷಣೆ ಇದೆಯೇ? 'ನೀವು ಕಾನೂನಿನಂತೆ ನಡೆದಿರಾ?' ಎಂಬುದಕ್ಕೆ ಪೊಲೀಸರು ಉತ್ತರಿಸುತ್ತಾರೆ. 'ನೀವು ಏನನ್ನು ಕಳೆದುಕೊಂಡಿರಿ?' ಎಂಬುದಕ್ಕೆ ಹಿರಿಯರು ಉತ್ತರಿಸುತ್ತಾರೆ. ಪ್ರಶ್ನೆಗಳೇ ಬೇರೆಯಾದಾಗ ಉತ್ತರಗಳು ಒಂದನ್ನೊಂದು ಸುಳ್ಳಾಗಿಸುವುದಿಲ್ಲ. ಎರಡೂ ಏಕಕಾಲಕ್ಕೆ ನಿಜವಾಗಿರಬಹುದು. ಆಗ ಉಳಿಯುವುದು ಮೂರನೆಯ ಪ್ರಶ್ನೆ: ಆ ಕಾನೂನನ್ನು ಮಾಡುವಾಗ ನಾಯಿಯನ್ನು ನಂಬಿ ಬದುಕಿದವರನ್ನು ಯಾರಾದರೂ ಕೇಳಿದರೇ? ತಕ್ಕಡಿಯ ಎರಡು ತಟ್ಟೆಗಳನ್ನು ಸಮ ಹಿಡಿದರೆ ಸಾಲದು. ತೂಕದ ಕಲ್ಲನ್ನು ಮಾಡಿದವರು ಯಾರು ಎಂಬುದನ್ನೂ ನೋಡಬೇಕು.

ಇದಕ್ಕೆ ಉತ್ತರ ದೊರೆತದ್ದು ವಿಚಾರಣಾ ವರದಿಗಳಲ್ಲಿ. ಜೇಮ್ಸ್ ಇಗ್ಲೋಲಿಯೋರ್ಟೆ ಅವರ ನೇತೃತ್ವದ ಕಿಕಿಕ್ತಾನಿ ಸತ್ಯ ಆಯೋಗವು ಪಿತೂರಿಯನ್ನು ಕಾಣಲಿಲ್ಲ. ಆದರೆ ಜನರ ಬದುಕನ್ನು ಅರಿಯದೆ, ಅವರನ್ನು ಕೇಳದೆ ಹೇರಿದ ನಿಯಮಗಳ ಫಲವಾಗಿಯೇ ಈ ಹಾನಿಯಾಯಿತೆಂದು ಅದು ಗುರುತಿಸಿತು. ನುನಾವಿಕ್ ಪ್ರದೇಶದಲ್ಲಿ ಸಾವಿರಕ್ಕೂ ಹೆಚ್ಚು ನಾಯಿಗಳು ಕೊಲ್ಲಲ್ಪಟ್ಟವೆಂದು ನಿವೃತ್ತ ನ್ಯಾಯಾಧೀಶ ಜಾನ್-ಜಾಕ್ ಕ್ರೋಟೋ 2010ರಲ್ಲಿ ವರದಿ ಮಾಡಿದರು. ಕೆನಡಾ ಸರ್ಕಾರವು 2019ರ ಆಗಸ್ಟ್‌ನಲ್ಲಿ ಕಿಕಿಕ್ತಾನಿ ಜನರ ಕ್ಷಮೆ ಕೋರಿತು. 2024ರ ನವೆಂಬರ್‌ನಲ್ಲಿ ನುನಾವಿಕ್ ಜನರ ಕ್ಷಮೆ ಕೋರಿ 4.5 ಕೋಟಿ ಡಾಲರ್ ಪರಿಹಾರವನ್ನೂ ಘೋಷಿಸಿತು.

ರೋಗಗಳೂ ಯಂತ್ರದ ಹಿಮವಾಹನವೂ ಈ ಹಾನಿಗೆ ಸೇರಿಕೊಂಡು, 1970ರ ದಶಕದ ಹೊತ್ತಿಗೆ ಶುದ್ಧ ತಳಿಯ ನಾಯಿಗಳು ಕೆಲವು ನೂರು ಮಾತ್ರ ಉಳಿದಿದ್ದವು. ಆಗ ಬಿಲ್ ಕಾರ್ಪೆಂಟರ್ ಮತ್ತು ಜಾನ್ ಮೆಕ್‌ಗ್ರಾತ್ ದೂರದ ಬೀಡುಗಳಿಂದ ನಾಯಿಗಳನ್ನು ಸಂಗ್ರಹಿಸಿ ಯೆಲ್ಲೋನೈಫ್‌ನಲ್ಲಿ ಸಂತಾನ ಬೆಳೆಸಿದರು. ಅವರ ಶ್ರಮವಿಲ್ಲದಿದ್ದರೆ ತಳಿಯ ವಂಶಾವಳಿಯ ದಾಖಲೆಯೇ ಇರುತ್ತಿರಲಿಲ್ಲ. ಆದರೂ ವಂಶಾವಳಿ ಎಂಬುದು ಅಂಗಡಿಯ ದಾಸ್ತಾನು ಪಟ್ಟಿಯಿದ್ದಂತೆ. ಪಟ್ಟಿ ಸರಿಯಾಗಿದ್ದ ಮಾತ್ರಕ್ಕೆ ವ್ಯಾಪಾರ ನಡೆಯುತ್ತಿದೆ ಎನ್ನಲಾಗದು. ರಕ್ತ ಉಳಿದು ಕೆಲಸ ಅಳಿದರೆ ಉಳಿಯುವುದು ಪ್ರದರ್ಶನದ ನಾಯಿ. ತೆಳುವಾದ ಮಂಜುಗಡ್ಡೆಯನ್ನು ಅರಿತು ಹಿಂಜರಿಯುವ ಮುಂದಾಳು ನಾಯಿಯನ್ನೂ, ಆ ಹಿಂಜರಿಕೆಯ ಅರ್ಥವನ್ನು ತಿಳಿಯಬಲ್ಲ ಯಜಮಾನನನ್ನೂ ಯಾವ ದಾಖಲೆ ಪುಸ್ತಕವೂ ಹುಟ್ಟಿಸಲಾರದು. ನುನಾವಿಕ್‌ನಲ್ಲಿ 2001ರಿಂದ ಆರಂಭವಾದ 'ಇವಾಕ್ಕಾಕ್' ಓಟದಲ್ಲಿ ಇನ್ಯುಇಟ್ ಜನರೇ ತಮ್ಮ ತಳಿಯ ನಾಯಿಗಳನ್ನೇ ಓಡಿಸುತ್ತಾರೆ. ಕಿರಿಯರು ಹಿರಿಯರಿಂದ ಕಲಿಯುವ ಈ ದಾರಿಯೇ ಹೆಚ್ಚು ಭರವಸೆಯದು.

ಕೊನೆಯದಾಗಿ ಒಂದು ಕೊರತೆ. ಚಿತ್ರದ ಒಲವೆಲ್ಲ ಮನುಷ್ಯರ ಎರಡು ಸಾಕ್ಷ್ಯಗಳ ಕಡೆಗೆ. ಗುಂಡು ತಗಲಿದ್ದು ಮಾತ್ರ ಮಾತು ಬಾರದ ಮೂರನೆಯ ಪಕ್ಷಕ್ಕೆ. ಅದರ ಜೀವಕ್ಕೆ ಅದರದ್ದೇ ಆದ ಬೆಲೆಯಿಲ್ಲವೇ? ಅಧಿಕಾರಿಗೆ ಅದು ಉಪದ್ರವ, ತಳಿಗಾರನಿಗೆ ಮಾದರಿ, ಸರ್ಕಾರಕ್ಕೆ ಈಗ ಸಂಕೇತ. 2000ದಲ್ಲಿ ನುನಾವುಟ್ ಪ್ರದೇಶವು ಅದನ್ನು ತನ್ನ ಅಧಿಕೃತ ಪ್ರಾಣಿಯಾಗಿಯೂ ಘೋಷಿಸಿತು. ಸಂಕೇತಕ್ಕೆ ಹಸಿವಿಲ್ಲ, ನಾಯಿಗೆ ಇದೆ. ಅದಕ್ಕೆ ದಿನವೂ ಅನ್ನ ಬೇಕು, ಓಡಲು ಬಯಲು ಬೇಕು, ತನ್ನನ್ನು ಬಲ್ಲ ಒಬ್ಬ ಮನುಷ್ಯ ಬೇಕು. ಈ ಮೂರನ್ನೂ ಕೊಡಬಲ್ಲವರು ಮಾತ್ರ ತಳಿಯನ್ನು ರಕ್ಷಿಸುತ್ತಿದ್ದೇವೆ ಎನ್ನುವ ಮಾತಿಗೆ ಅಧಿಕಾರಿಗಳು. ಚಿತ್ರವನ್ನು ನೋಡುವವರು ಎರಡು ಸತ್ಯಗಳನ್ನು ತೂಗಿ ಅಲ್ಲಿಗೇ ನಿಲ್ಲದೆ, ಈ ಮೂರನೆಯದರ ಲೆಕ್ಕವನ್ನೂ ತೆರೆಯಲಿ.