ಕಣ್ಣು ಮುಚ್ಚಿ ಕೇಳಿದ ಕತೆಗಳು

ಕಣ್ಣಿನ ಪರದೆಯ ನಡುಮಧ್ಯೆ ಒಂದು ಸಣ್ಣ ತೂತು ಬಿದ್ದಿದೆ, ಆಪರೇಷನ್ ಮಾಡಿ ಒಳಗೆ ಗ್ಯಾಸಿನ ಗುಳ್ಳೆಯೊಂದನ್ನು ಬಿಡುತ್ತೇವೆ, ಆ ಗುಳ್ಳೆ ತೂತನ್ನು ಒತ್ತಿ ಹಿಡಿಯಬೇಕಾದರೆ ನೀವು ಏಳು ದಿನ ಮಕಾಡೆ ಮಲಗಿರಬೇಕು ಎಂದು ಡಾಕ್ಟರರು ಹೇಳಿದಾಗ ನನಗೆ ಮೊದಲು ಹೊಳೆದದ್ದು ನೋವಿನ ಯೋಚನೆಯಲ್ಲ. ಏಳು ದಿನ ಓದದೆ ಇರುವುದು ಹೇಗೆ ಎಂಬುದು. ನನ್ನ ಇನ್ನೊಂದು ಕಣ್ಣು ಮೊದಲಿನಿಂದಲೂ ಮಂದ. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ, ನಿವೃತ್ತನಾಗಿ ಸಾಗರದ ಮನೆಯಲ್ಲಿ ಪುಸ್ತಕಗಳ ನಡುವೆ ಕೂತವನು ನಾನು. ಕಣ್ಣೇ ನನ್ನ ಕಸುಬಿನ ಹತ್ಯಾರು. ಅದು ಮತ್ತೆ ಸರಿಹೋಗದಿದ್ದರೆ ಎಂಬ ಹೆದರಿಕೆಯನ್ನು ಮನೆಯಲ್ಲಿ ಯಾರ ಹತ್ತಿರವೂ ಹೇಳಲಿಲ್ಲ.

ಆ ಏಳು ದಿನ ನನ್ನನ್ನು ಕಾಪಾಡಿದ್ದು ನಾನು ಜೀವಮಾನವಿಡೀ ಹಗುರವಾಗಿ ಕಂಡ ಸಾಹಿತ್ಯ. ಪಾಳುಕೋಟೆ, ನೆಲಮಾಳಿಗೆ, ಗೋರಿಯಿಂದ ಎದ್ದುಬರುವ ಹೆಂಗಸು, ತಾನೇ ತೆರೆದುಕೊಳ್ಳುವ ಬಾಗಿಲು, ಇಂಥವುಗಳಿಂದ ತುಂಬಿದ ಗಾಥಿಕ್ ಕತೆಗಳು. ಇವುಗಳ ಮೂಲಪುರುಷ ಹೊರೇಸ್ ವಾಲ್‌ಪೋಲ್. ಅವನ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' 1764ರಲ್ಲಿ ಬಂತು. ಅದರ ಆರಂಭದಲ್ಲೇ ಮದುವೆಯ ದಿನ ಆಕಾಶದಿಂದ ಬಿದ್ದಂತೆ ಒಂದು ದೈತ್ಯಾಕಾರದ ಶಿರಸ್ತ್ರಾಣ ಮದುಮಗನನ್ನು ಜಜ್ಜಿಹಾಕುತ್ತದೆ. ಕ್ಲಾಸಿನಲ್ಲಿ ನಾನು ಈ ಸನ್ನಿವೇಶವನ್ನು ವರ್ಣಿಸಿ ಹುಡುಗರನ್ನು ನಗಿಸಿ, ಗಾಥಿಕ್ ಎಂದರೆ ಇಷ್ಟೇ ಎಂದು ಮುಂದಿನ ಪುಟಕ್ಕೆ ಹೋಗಿಬಿಡುತ್ತಿದ್ದೆ. ವಾಸ್ತವವಾದವೇ ಸಾಹಿತ್ಯದ ಪ್ರಾಯಕ್ಕೆ ಬಂದ ರೂಪ, ಉಳಿದದ್ದೆಲ್ಲ ಬಾಲ್ಯ ಎಂದು ನಂಬಿದ್ದ ತಲೆಮಾರು ನಮ್ಮದು. ಒಮ್ಮೆ ಒಬ್ಬ ಹುಡುಗ ಎದ್ದುನಿಂತು, ಪೋನ ಕತೆಯೊಂದನ್ನು ಕ್ಲಾಸಿನಲ್ಲಿ ಜೋರಾಗಿ ಓದಬಹುದೇ ಎಂದು ಕೇಳಿದ್ದ. ಪೋರ್ಷನ್ ಮುಗಿಯಬೇಕಲ್ಲಪ್ಪ ಎಂದು ಕೂರಿಸಿದ್ದೆ. ಆ ಹುಡುಗನ ಮುಖ ಈಗ ನೆನಪಿಲ್ಲ, ಪ್ರಶ್ನೆ ಮಾತ್ರ ನೆನಪಿದೆ.

ನನ್ನ ತಂಗಿಯ ಮಗಳು ಪರೀಕ್ಷೆ ಮುಗಿಸಿ ಆ ದಿನಗಳಲ್ಲಿ ನಮ್ಮ ಮನೆಗೆ ಬಂದಿದ್ದಳು. ನನ್ನ ಚಡಪಡಿಕೆ ನೋಡಿ, "ಮಾವ, ಕಣ್ಣಿಗಲ್ಲವಾ ರಜೆ, ಕಿವಿಗೆ ಏನಾಗಿದೆ?" ಎಂದು ತನ್ನ ಮೊಬೈಲನ್ನು ದಿಂಬಿನ ಪಕ್ಕ ಇಟ್ಟಳು. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಜಗತ್ತಿನ ನಾನಾ ಕಡೆಯ ಸ್ವಯಂಸೇವಕರು ಗಟ್ಟಿಯಾಗಿ ಓದಿ, ಯಾರು ಬೇಕಾದರೂ ಕೇಳಲೆಂದು ಬಿಟ್ಟುಕೊಡುವ 'ಲಿಬ್ರಿವಾಕ್ಸ್' ಎಂಬ ಒಂದು ವ್ಯವಸ್ಥೆ 2005ರಿಂದ ನಡೆದುಬಂದಿದೆ. ಹಳೆಯ ಪುಸ್ತಕಗಳೇ ಹೆಚ್ಚಾದ್ದರಿಂದ ಗಾಥಿಕ್ ಕತೆಗಳಿಗೆ ಅಲ್ಲಿ ಬರವಿಲ್ಲ. ಅವಳಿಗೆ ಮೊದಲು ಸಿಕ್ಕಿದ್ದು ಡಬ್ಲ್ಯು. ಡಬ್ಲ್ಯು. ಜೇಕಬ್ಸ್ 1902ರಲ್ಲಿ ಪ್ರಕಟಿಸಿದ 'ದಿ ಮಂಕೀಸ್ ಪಾ'.

ಈ ಕತೆ ನನಗೆ ಅಂಗೈ ಗೆರೆಯಷ್ಟು ಪರಿಚಿತ. ಸೈನ್ಯದಲ್ಲಿದ್ದವನೊಬ್ಬ ಭಾರತದಿಂದ ತಂದ, ಫಕೀರನೊಬ್ಬ ಮಂತ್ರಿಸಿದ ಒಣಗಿದ ಕೋತಿಯ ಪಂಜ. ಅದು ಮೂರು ವರ ಕೊಡುತ್ತದೆ. ಮುದುಕ ಇನ್ನೂರು ಪೌಂಡು ಕೇಳುತ್ತಾನೆ. ಮಗ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸಾಯುತ್ತಾನೆ, ಪರಿಹಾರವಾಗಿ ಬರುವುದು ಅದೇ ಇನ್ನೂರು ಪೌಂಡು. ತಾಯಿಯ ಹಟಕ್ಕೆ ಎರಡನೆಯ ವರ: ಮಗ ಬದುಕಿಬರಲಿ. ರಾತ್ರಿ ಬಾಗಿಲು ಬಡಿಯುವ ಸದ್ದು. ಅವಳು ಅಗುಳಿ ತೆಗೆಯಲು ಹೆಣಗುತ್ತಾಳೆ, ಅವನು ಕತ್ತಲಲ್ಲಿ ಪಂಜಕ್ಕಾಗಿ ತಡಕುತ್ತಾನೆ. ಕೊನೆಗೆ ಅವನು ಮೂರನೆಯ ವರ ಕೇಳುತ್ತಾನೆ. ಬಾಗಿಲು ತೆರೆದರೆ ಹೊರಗೆ ಬರಿ ರಸ್ತೆ.

ಎಷ್ಟೋ ಸಲ ಓದಿದ್ದ ಈ ಕೊನೆಯ ಎರಡು ಪುಟಗಳನ್ನು ಕೇಳುತ್ತಿದ್ದಾಗ ನನ್ನ ಬೆನ್ನು ಬೆವರಿತು. ಯಾಕೆ ಎಂದು ಆಮೇಲೆ ಯೋಚಿಸಿದೆ. ಓದುವಾಗ ಕಣ್ಣು ಕಳ್ಳ. ಈ ಸಾಲಿನಲ್ಲಿ ಬಾಗಿಲು ಬಡಿಯುತ್ತಿದ್ದರೆ ಅದು ಆಗಲೇ ಮೂರು ಸಾಲು ಕೆಳಗಿಳಿದು ಹೊರಗೆ ಯಾರಿದ್ದಾರೆಂದು ಇಣುಕಿ ಬಂದಿರುತ್ತದೆ. ಪುಟದ ಕೆಳಗೆ ಎಷ್ಟು ಬಿಳಿ ಜಾಗ ಉಳಿದಿದೆ ಎಂಬುದೂ ಅದಕ್ಕೆ ಗೊತ್ತು. ಕಿವಿಗೆ ಈ ಸೌಕರ್ಯವಿಲ್ಲ. ಓದುವವರು ಉಸಿರು ತೆಗೆದುಕೊಂಡರೆ ನಾವೂ ಕಾಯಬೇಕು. ಜೇಕಬ್ಸ್ ಹೊರಗಿದ್ದವನನ್ನು ನಮಗೆ ತೋರಿಸುವುದೇ ಇಲ್ಲ. ಬಾಗಿಲು ಬಡಿತ, ಸರಪಳಿಯ ಸದ್ದು, ಕುರ್ಚಿ ಎಳೆಯುವ ಸದ್ದು, ಇಷ್ಟೇ. ಆ ಮುದುಕ ಎಷ್ಟು ಕೇಳಿಸಿಕೊಳ್ಳುತ್ತಾನೋ ನಾವೂ ಅಷ್ಟನ್ನೇ ಕೇಳಿಸಿಕೊಳ್ಳುತ್ತೇವೆ. ಈ ಕತೆಯನ್ನು ಕಿವಿಗೆಂದೇ ಕಟ್ಟಿದ್ದು ಎಂಬುದು ಮೂವತ್ತೊಂದು ವರ್ಷ ಪಾಠ ಹೇಳಿದವನಿಗೆ ಹೊಳೆದಿರಲಿಲ್ಲ.

ಜೇನ್ ಆಸ್ಟೆನ್ನಳಿಗೆ ಇದು ಗೊತ್ತಿತ್ತು. ಗಾಥಿಕ್ ಕಾದಂಬರಿಗಳ ಹುಚ್ಚನ್ನು ಗೇಲಿ ಮಾಡಲೆಂದೇ ಬರೆದ 'ನಾರ್ಥ್ಯಾಂಗರ್ ಆಬಿ'ಯಲ್ಲಿ ಹೆನ್ರಿ ಟಿಲ್ನಿ ಒಂದು ತಪ್ಪು ಒಪ್ಪಿಕೊಳ್ಳುತ್ತಾನೆ. ಆನ್ ರ‍್ಯಾಡ್‌ಕ್ಲಿಫ್‌ಳ ಕಾದಂಬರಿಯನ್ನು ತಂಗಿಗೆ ಓದಿಹೇಳುತ್ತೇನೆಂದು ಮಾತುಕೊಟ್ಟಿದ್ದವನು, ಅವಳು ಐದು ನಿಮಿಷ ಆಚೆ ಹೋದಾಗ ತಡೆಯಲಾರದೆ ಪುಸ್ತಕ ಎತ್ತಿಕೊಂಡು ತೋಟಕ್ಕೆ ಓಡಿ ಒಬ್ಬನೇ ಓದಿ ಮುಗಿಸುತ್ತಾನೆ. ಆಸ್ಟೆನ್ ಇದನ್ನು ನಗೆಯಲ್ಲಿ ಹೇಳಿದ್ದಾಳೆ, ನಿಜ. ಆದರೆ ಕಣ್ಣಿನ ಹೊಟ್ಟೆಬಾಕತನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಾಣೆ.

ಮರುದಿನ ಕೇಳಿದ್ದು ಪೋನ 'ದಿ ಫಾಲ್ ಆಫ್ ದ ಹೌಸ್ ಆಫ್ ಅಷರ್', 1839ರ ಕತೆ. ಅಲ್ಲಿ ಬಿರುಗಾಳಿಯ ರಾತ್ರಿ ನಿರೂಪಕ ತನ್ನ ಗೆಳೆಯ ಅಷರ್‌ನ ಮನಸ್ಸಿಗೆ ಸಮಾಧಾನ ತರಲೆಂದು ಒಂದು ಹಳೆಯ ಪ್ರಣಯಕತೆಯನ್ನು ಗಟ್ಟಿಯಾಗಿ ಓದುತ್ತಾನೆ. ಪುಸ್ತಕದಲ್ಲಿ ವೀರನೊಬ್ಬ ಬಾಗಿಲು ಒಡೆಯುತ್ತಾನೆ. ಮನೆಯ ಯಾವುದೋ ಮೂಲೆಯಲ್ಲಿ ಮರ ಸೀಳಿದ ಸದ್ದಾಗುತ್ತದೆ. ಪುಸ್ತಕದಲ್ಲಿ ಡ್ರ್ಯಾಗನ್ ಚೀರುತ್ತದೆ. ಮನೆಯೊಳಗೂ ಒಂದು ಚೀತ್ಕಾರ. ಪುಸ್ತಕದಲ್ಲಿ ಗುರಾಣಿ ನೆಲಕ್ಕೆ ಬೀಳುತ್ತದೆ. ಎಲ್ಲೋ ಲೋಹ ಬಡಿದ ಸದ್ದು. ಬದುಕಿದ್ದಾಗಲೇ ಹೂಳಿಬಿಟ್ಟ ಅಷರ್‌ನ ತಂಗಿ ಮೇಲೆದ್ದು ಬರುತ್ತಿದ್ದಾಳೆ. ಕ್ಲಾಸಿನಲ್ಲಿ ನಾನು ಇದನ್ನು 'ಕೃತಕ ತಂತ್ರ' ಎಂದು ಹೇಳಿ ಬರೆಸಿದ್ದೆ. ಕೇಳುವಾಗ ತಂತ್ರ ಮಾಯವಾಯಿತು. ಕತ್ತಲಲ್ಲಿ ಮಲಗಿದ್ದ ನನಗೆ ಒಬ್ಬರು ಓದುತ್ತಿದ್ದರು, ಕತೆಯೊಳಗೆ ಅಷರ್‌ಗೆ ಒಬ್ಬ ಓದುತ್ತಿದ್ದ, ಹೊರಗೆ ಜಡಿಮಳೆ. ಮಾಡಿನ ಮೇಲಿಂದ ಏನೋ ಧಡಾರನೆ ಬಿದ್ದಾಗ ನಾನು ತಲೆಯೆತ್ತಬಾರದೆಂಬುದನ್ನೂ ಮರೆತು ತಲೆಯೆತ್ತಿದೆ. ಬಿದ್ದದ್ದು ಒಂದು ಅಡಿಕೆ ಹಾಳೆ.

ಎಲ್ಲ ಓದೂ ಇಷ್ಟು ಚೆನ್ನಾಗಿರುತ್ತದೆಂದು ತಿಳಿಯಬೇಡಿ. ಸಿಡಿಲು, ಪಿಟೀಲು, ಗಹಗಹಿಸುವ ನಗೆ ಎಲ್ಲವನ್ನೂ ಬೆರೆಸಿದ ಕೆಲವು ಧ್ವನಿಮುದ್ರಣಗಳನ್ನೂ ಕೇಳಿದೆ. ಅವು ಹೆದರಿಸುವುದಿಲ್ಲ, ಹೆದರಿಕೋ ಎಂದು ಆಜ್ಞೆ ಮಾಡುತ್ತವೆ. ಸಪ್ಪೆ ಎನ್ನಿಸುವಷ್ಟು ಸರಳವಾಗಿ ಓದುವ ದನಿಯೇ ಈ ಕತೆಗಳಿಗೆ ಒಗ್ಗುತ್ತದೆ. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿದ್ದ ವಿದ್ವಾಂಸ ಎಂ. ಆರ್. ಜೇಮ್ಸ್ ಕ್ರಿಸ್‌ಮಸ್ ಹೊತ್ತಿಗೆ ಒಂದೊಂದು ದೆವ್ವದ ಕತೆ ಬರೆದು, ಒಂದು ಮೇಣದಬತ್ತಿ ಬಿಟ್ಟು ಉಳಿದವನ್ನು ಆರಿಸಿ ಗೆಳೆಯರಿಗೆ ಓದುತ್ತಿದ್ದರಂತೆ. 1904ರಲ್ಲಿ ಬಂದ ಅವರ ಮೊದಲ ಸಂಕಲನದ ಕತೆಗಳು ಹೀಗೆ ಮೊದಲು ಕಿವಿಗೆ ಬಿದ್ದು ಆಮೇಲೆ ಅಚ್ಚಾದವು. ಅವರ ಭಾಷೆಯೂ ಹಾಗೇ ಇದೆ: ಊಟದ ನಂತರ ಮಾತಾಡುವ ಮೇಷ್ಟರ ಭಾಷೆ. ಏನೂ ನಡೆಯುವಂತಿಲ್ಲ ಎನ್ನಿಸುವಾಗಲೇ ಕೈಗೆ ಏನೋ ತಾಗುತ್ತದೆ.

ಹಾಗೆಯೇ, ಕೇಳಿದ್ದೆಲ್ಲ ಶ್ರೇಷ್ಠವಾಗಿಬಿಡುವುದಿಲ್ಲ. ಪಶ್ಚಾತ್ತಾಪದ ಭರದಲ್ಲಿ 'ಒಟ್ರಾಂಟೊ'ವನ್ನೂ ಕೇಳಿಸಿಕೊಂಡೆ. ಶಿರಸ್ತ್ರಾಣ ಬಿದ್ದಾಗ ಈಗಲೂ ನಗುವೇ ಬಂತು. ಅಷ್ಟರಮಟ್ಟಿಗೆ ನನ್ನ ಹಳೆಯ ಟಿಪ್ಪಣಿ ಉಳಿದುಕೊಂಡಿತು.

ಗೊತ್ತಿರುವ ಕತೆ ಮತ್ತೆ ಮತ್ತೆ ಕೇಳಿದರೂ ಹೇಗೆ ಹೆದರಿಸುತ್ತದೆ ಎಂಬ ಪ್ರಶ್ನೆಗೆ ಉತ್ತರ ಹೊಳೆದದ್ದು ಗಮಕ ವಾಚನದ ನೆನಪಿನಿಂದ. ಕುಮಾರವ್ಯಾಸನನ್ನು ಕೇಳಲು ಬಂದವರಲ್ಲಿ ದುಶ್ಶಾಸನನ ಗತಿ ಏನೆಂದು ಗೊತ್ತಿಲ್ಲದವರು ಯಾರಿರುತ್ತಾರೆ? ಆದರೂ ಕೂತಿರುತ್ತಾರೆ. ಮುಂದೇನು ಎಂಬ ಕುತೂಹಲ ಮೊದಲ ಓದಿಗೇ ತೀರಿಹೋಗುತ್ತದೆ. ಬಂದೇ ಬರುತ್ತದೆಂದು ಗೊತ್ತಿರುವುದನ್ನು ಕಾಯುವ ಸುಖ ತೀರುವುದಿಲ್ಲ. ಅದನ್ನು ಕೊಡಲು ಇನ್ನೊಬ್ಬರ ದನಿ ಬೇಕು. ಹೆದರಿಸುವ ಆ ದನಿಯೇ ಜೊತೆಗಾರನೂ ಹೌದು. ನೀನು ಒಬ್ಬನೇ ಇಲ್ಲ ಎಂಬ ಭರವಸೆ ಕೊಟ್ಟುಕೊಂಡೇ ಅದು ಹೆದರಿಸುತ್ತದೆ.

ಐದನೆಯ ದಿನ ಗಾಳಿಗೆ ಮರ ಬಿದ್ದು ಕರೆಂಟು ಹೋಯಿತು. ಸಂಜೆಗೆ ಮೊಬೈಲೂ ಸತ್ತಿತು. ಆಗ ಅವಳು ಕಪಾಟಿನಿಂದ ನನ್ನ ಹಳೆಯ 'ಫ್ರಾಂಕೆನ್‌ಸ್ಟೈನ್' ತೆಗೆದು ಟಾರ್ಚಿನ ಬೆಳಕಲ್ಲಿ ತಾನೇ ಓದತೊಡಗಿದಳು. ಇಂಗ್ಲಿಷ್ ಉದ್ದುದ್ದ ವಾಕ್ಯಗಳಲ್ಲಿ ಎಡವುತ್ತಿದ್ದಳು. ಊರಿನ ಹೆಸರುಗಳನ್ನು ತನಗೆ ತೋಚಿದಂತೆ ಉಚ್ಚರಿಸುತ್ತಿದ್ದಳು. ತಿದ್ದಲು ಎರಡು ಸಲ ಬಾಯಿ ತೆರೆದೆ. ಮೂರನೆಯ ಸಲ ಬಿಟ್ಟುಬಿಟ್ಟೆ.

ಈ ಕಾದಂಬರಿ ಹುಟ್ಟಿದ್ದೇ ಗಟ್ಟಿ ಓದಿನ ನಡುವೆ. ಹಿಂದಿನ ವರ್ಷ ತಂಬೋರಾ ಜ್ವಾಲಾಮುಖಿ ಸಿಡಿದು ಬೇಸಿಗೆಯೇ ಕಾಣದ 1816ರಲ್ಲಿ, ಜಿನೀವಾ ಸರೋವರದ ದಂಡೆಯಲ್ಲಿ ಮಳೆಗೆ ಸಿಕ್ಕಿಬಿದ್ದ ಬೈರನ್, ಶೆಲ್ಲಿ, ಮೇರಿ ಮೊದಲಾದವರು ಜರ್ಮನ್ ದೆವ್ವದ ಕತೆಗಳ ಫ್ರೆಂಚ್ ಅನುವಾದ ಓದಿಕೊಂಡು ಕಾಲ ಕಳೆಯುತ್ತಿದ್ದರು. ಒಂದು ರಾತ್ರಿ ಬೈರನ್ ಕೋಲ್‌ರಿಜ್‌ನ 'ಕ್ರಿಸ್ಟಬೆಲ್'ನ ಸಾಲುಗಳನ್ನು ಹೇಳಿದಾಗ ಶೆಲ್ಲಿ ಚೀರಿಕೊಂಡು ಹೊರಗೋಡಿದನೆಂದು ಜೊತೆಯಲ್ಲಿದ್ದ ಡಾಕ್ಟರ್ ಪಾಲಿಡೋರಿ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಹದಿನೆಂಟು ವರ್ಷದ ಮೇರಿ ಹೆಚ್ಚು ಮಾತಾಡದೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳಂತೆ. 1831ರ ಮುನ್ನುಡಿಯಲ್ಲಿ ಅವಳೇ ಹಾಗೆಂದಿದ್ದಾಳೆ. ಆ ಕೇಳುಗಳು ಬರೆದ ಪುಸ್ತಕ 1818ರಲ್ಲಿ ಬಂತು.

ನಾನು ಮರೆತೇಹೋಗಿದ್ದ ಒಂದು ಜಾಗಕ್ಕೆ ಹುಡುಗಿ ಬಂದಳು. ಹಿಮನದಿಯ ಮೇಲೆ ಆ ವಿಕಾರ ಜೀವಿ ತನ್ನನ್ನು ಸೃಷ್ಟಿಸಿದವನಿಗೆ ಎದುರಾಗುತ್ತದೆ. ನಿನ್ನನ್ನು ನೋಡಲಾರೆ, ಕಣ್ಣೆದುರಿನಿಂದ ತೊಲಗು ಎನ್ನುತ್ತಾನೆ ವಿಕ್ಟರ್. ಅದು ತನ್ನ ಎರಡೂ ಕೈಗಳಿಂದ ಅವನ ಕಣ್ಣು ಮುಚ್ಚುತ್ತದೆ. ಇಗೋ, ಈಗ ನಾನು ನಿನಗೆ ಕಾಣುವುದಿಲ್ಲ, ಆದರೂ ನನ್ನ ಮಾತು ಕೇಳಬಹುದಲ್ಲ ಎಂಬರ್ಥದಲ್ಲಿ ಬೇಡಿಕೊಳ್ಳುತ್ತದೆ. ವಿಕ್ಟರ್ ಕೈ ಕೊಡವಿ ತಳ್ಳುತ್ತಾನೆ. ಕೊನೆಗೆ ಕತೆ ಕೇಳಲು ಒಪ್ಪುತ್ತಾನೆ. ಆಮೇಲೆ ಬರುವುದು ಅದರ ಆತ್ಮಕಥೆ: ಗೋಡೆಯಾಚೆ ಅಡಗಿ ಕೂತು, ಒಂದು ಬಡ ಮನೆಯವರು ಪುಸ್ತಕ ಗಟ್ಟಿಯಾಗಿ ಓದುವುದನ್ನು ಕೇಳಿಸಿಕೊಂಡೇ ಅದು ಮಾತು ಕಲಿತದ್ದು, ಮನೆಯಲ್ಲಿ ಯಾರೂ ಇಲ್ಲದಾಗ ಕುರುಡು ಮುದುಕ ಡಿ ಲೇಸಿಯ ಮುಂದೆ ಹೋಗಿ ಕೂತದ್ದು, ಮುದುಕ ದನಿಯನ್ನಷ್ಟೇ ಕೇಳಿ ಮರುಗಿದ್ದು, ಕಣ್ಣಿದ್ದ ಮಗ ಒಳಗೆ ಬಂದವನೇ ಕೋಲಿನಿಂದ ಹೊಡೆದಟ್ಟಿದ್ದು.

"ಮಾವ, ಇಲ್ಲಿಗೆ ನಿಲ್ಲಿಸ್ಲಾ?" ಎಂದಳು. "ಇನ್ನೊಂದು ಪುಟ ಓದು ಮಾರಾಯ್ತಿ" ಎಂದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ದಿಂಬಿಗೆ ಮುಖ ಒತ್ತಿ ಮಲಗಿದ್ದ ನಾನು ಆಗ ಡಿ ಲೇಸಿಯ ಜಾಗದಲ್ಲಿದ್ದೆ. ನನ್ನ ಮುಂದೆಯೂ ಆ ಜೀವಿಗೆ ಮುಖವಿರಲಿಲ್ಲ, ದನಿ ಮಾತ್ರ. ಪುಟದ ಮೇಲೆ ಓದಿದಾಗಲೆಲ್ಲ 1931ರ ಸಿನಿಮಾದ ಬೋರಿಸ್ ಕಾರ್ಲಾಫ್‌ನ ಚಪ್ಪಟೆ ತಲೆ ಅಡ್ಡ ಬರುತ್ತಿತ್ತು. ಆ ಸಿನಿಮಾದಲ್ಲಿ ಅದಕ್ಕೆ ಮಾತೇ ಇಲ್ಲ. ಮೇರಿಯ ಪುಸ್ತಕದಲ್ಲಿ ಅದರಷ್ಟು ಚೆನ್ನಾಗಿ ಮಾತಾಡುವವರೇ ಇಲ್ಲ. ನೋಟ ಹೆದರಿ ಹೊಡೆಯುತ್ತದೆ, ಕಿವಿ ಕೇಳಿ ಮರುಗುತ್ತದೆ ಎಂಬುದೇ ಈ ಪುಸ್ತಕದ ತಿರುಳಾಗಿದ್ದರೆ, ಅದನ್ನು ಕಣ್ಣಿನಿಂದ ಓದಿ ತೀರ್ಪು ಕೊಟ್ಟ ನಾನು ಯಾರ ಪಕ್ಷದಲ್ಲಿದ್ದೆ?

ಗಾಥಿಕ್ ಕತೆ ಮೈ ಜುಮ್ಮೆನ್ನಿಸಲು ಇರುವುದು ಎಂದು ತಿಳಿದಿದ್ದೆ. ಜುಮ್ಮೆನ್ನಿಸುವುದೂ ಸುಖವೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಒಳ್ಳೆಯ ಗಾಥಿಕ್ ಕತೆಗಳಲ್ಲಿ ನಾವು ಹೂತುಬಿಟ್ಟ, ಹೊರಗಟ್ಟಿದ ಯಾವುದೋ ಒಂದು ಬಾಗಿಲು ಬಡಿಯುತ್ತಿರುತ್ತದೆ. ನೋಡಬೇಡ, ಕೇಳು ಎನ್ನುತ್ತಿರುತ್ತದೆ. ಕೂತು ಕೇಳುವುದೇ ಅದಕ್ಕೆ ಕೊಡಬಹುದಾದ ಮರ್ಯಾದೆ. ಓದಲೇ ಎಂದು ಎದ್ದುನಿಂತ ಆ ಹುಡುಗನಿಗೆ ಇದು ಅಂದೇ ಗೊತ್ತಿತ್ತೋ ಏನೋ.

ಕಣ್ಣು ಮುಕ್ಕಾಲು ಪಾಲು ಬಂದಿದೆ. ಬಾಗಿಲ ಚೌಕಟ್ಟಿನ ಗೆರೆ ನಡುವೆ ಒಂದು ಕಡೆ ಡೊಂಕಾಗಿ ಕಾಣುತ್ತದೆ. ಅದು ಹಾಗೇ ಉಳಿಯಬಹುದು ಎಂದಿದ್ದಾರೆ. ದಪ್ಪ ಅಕ್ಷರದ ಪುಸ್ತಕ ಓದುತ್ತೇನೆ. 'ಫ್ರಾಂಕೆನ್‌ಸ್ಟೈನ್' ಮಾತ್ರ ಮುಗಿದಿಲ್ಲ. ಕೊನೆಯ ನಲವತ್ತು ಪುಟ ಬಾಕಿ ಇರುವಾಗ ಹುಡುಗಿಯ ಕಾಲೇಜು ಶುರುವಾಯಿತು. ಅವಳು ಗುರುತಿಗೆಂದು ಇಟ್ಟ ಬಸ್ ಟಿಕೇಟು ಅಲ್ಲೇ ಇದೆ. ನಾನೇ ಓದಿ ಮುಗಿಸಬಹುದು, ಒಂದು ಮಧ್ಯಾಹ್ನದ ಕೆಲಸ. ದಸರಾ ರಜೆಗೆ ಬರುತ್ತೇನೆ ಎಂದಿದ್ದಾಳೆ. ಅಲ್ಲಿಯವರೆಗೆ ಕಾಯುತ್ತೇನೆ.