ರಿಜಿಸ್ಟರಿನಲ್ಲಿ ಇಲ್ಲದ ಕಲಂ

ಚಾಮರಾಜನಗರದಲ್ಲಾಗಲಿ ಗುಂಡ್ಲುಪೇಟೆಯಲ್ಲಾಗಲಿ ಖಾಸಗಿ ದಂತ ಚಿಕಿತ್ಸಾಲಯ ನಡೆಸುವವರು ಮುಖ್ಯವಾಗಿ ಎರಡು ಬಗೆಯ ದಾಖಲೆ ಇಡಬೇಕಾಗುತ್ತದೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಂತೆ ನೋಂದಣಿ ಪಡೆದು, ಪ್ರತಿ ರೋಗಿಯ ಚಿಕಿತ್ಸಾ ವಿವರ ಬರೆದಿಡುವುದು ಒಂದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ರಕ್ತ ತಾಗಿದ ಹತ್ತಿಯನ್ನು ಹಳದಿ ಚೀಲಕ್ಕೂ ಸೂಜಿಯನ್ನು ಬಿಳಿ ಡಬ್ಬಿಗೂ ಹಾಕಿ, ದಿನದಿನದ ಲೆಕ್ಕವಿಟ್ಟು, ಜೂನ್ 30ರೊಳಗೆ ವಾರ್ಷಿಕ ವರದಿ ಸಲ್ಲಿಸುವುದು ಇನ್ನೊಂದು.

ಎರಡೂ ಅಗತ್ಯವೇ. ಆದರೆ ಮೊದಲನೆಯದು ಬಾಯೊಳಗೆ ಏನು ಮಾಡಲಾಯಿತೆಂದು ಹೇಳುತ್ತದೆ. ಎರಡನೆಯದು ಬಾಗಿಲಿಂದಾಚೆ ಏನು ಹೋಯಿತೆಂದು ಹೇಳುತ್ತದೆ. ಒಬ್ಬರ ಬಾಯಿಂದ ಹೊರಬಂದು ಮತ್ತೊಬ್ಬರ ಬಾಯಿಗೆ ಹೋಗುವ ಇಕ್ಕಳದ ಕಥೆ ಈ ಎರಡರಲ್ಲೂ ಸಿಗುವುದಿಲ್ಲ.

ಇದು ಸಣ್ಣ ಲೋಪವೆ? ನೆರೆಯ ತಮಿಳುನಾಡಿನ ವಾಣಿಯಂಬಾಡಿಯಲ್ಲಿ ಒಂದೇ ದಂತ ಚಿಕಿತ್ಸಾಲಯಕ್ಕೆ ಹೋಗಿದ್ದವರಲ್ಲಿ ಎಂಟು ಮಂದಿ 2023ರಲ್ಲಿ ಮಿದುಳಿನ ಮೆಲಿಯಾಯ್ಡೋಸಿಸ್ ಸೋಂಕಿನಿಂದ ಸತ್ತರು. ಶುದ್ಧೀಕರಿಸದ ಉಪಕರಣದಿಂದ ತೆರೆದು, ಸಡಿಲವಾಗಿ ಮುಚ್ಚಿ, ಮತ್ತೆ ಮತ್ತೆ ಬಳಸಿದ ಸಲೈನ್ ಬಾಟಲಿಯೇ ಮೂಲವಿರಬೇಕೆಂದು ತನಿಖೆ ಸೂಚಿಸಿತು. ಅದೇ 2013ರಲ್ಲಿ ಅಮೆರಿಕದ ಟಲ್ಸಾ ನಗರದ ದಂತ ಚಿಕಿತ್ಸಾಲಯವೊಂದರ ಶುದ್ಧತೆಯ ಬಗ್ಗೆ ಸಂಶಯ ಬಂದಾಗ ಸುಮಾರು 7,000 ರೋಗಿಗಳನ್ನು ರಕ್ತಪರೀಕ್ಷೆಗೆ ಕರೆಯಬೇಕಾಯಿತು. ಯಾವ ಉಪಕರಣ ಯಾವ ದಿನ ಯಾರಿಗೆ ಎಂಬ ದಾಖಲೆ ಇಲ್ಲದಿದ್ದರೆ ಎಲ್ಲರೂ ಶಂಕಿತರೇ ಆಗುತ್ತಾರೆ.

‘ಆಟೋಕ್ಲೇವ್ ಇದೆಯಲ್ಲ’ ಎಂದರೆ ಸಾಲದು. ಗುಂಡ್ಲುಪೇಟೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಆಟೋಕ್ಲೇವಿನ ಮಾಪಕ ತೋರಿಸುವುದು ಹೊರಗಿನ ವಾಯುಭಾರಕ್ಕಿಂತ ಒಳಗೆ ಹೆಚ್ಚಿರುವ ಒತ್ತಡವನ್ನು ಮಾತ್ರ. ಮುಳ್ಳು ಚದರ ಅಂಗುಲಕ್ಕೆ 15 ಪೌಂಡ್ ತೋರಿಸಿದಾಗ ಸಮುದ್ರಮಟ್ಟದಲ್ಲಿ ಉಗಿಯ ಉಷ್ಣತೆ 121 ಡಿಗ್ರಿ. ಇಲ್ಲಿ ಅದಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಕಡಿಮೆ. ಒಳಗೆ ಗಾಳಿ ಉಳಿದಿದ್ದರೆ ಇನ್ನೂ ಕಡಿಮೆ. ಆದ್ದರಿಂದ ಒತ್ತಡದ ಜೊತೆಗೆ ಉಷ್ಣತೆ ಮತ್ತು ಅವಧಿಯನ್ನೂ ಬರೆಯಬೇಕು. ವಾರಕ್ಕೊಮ್ಮೆ, ಬಿಸಿಯನ್ನು ತಡೆದುಕೊಳ್ಳುವ ಜಿಯೋಬ್ಯಾಸಿಲಸ್ ಬೀಜಾಣುಗಳ ಪಟ್ಟಿಯೊಂದನ್ನು ಉಪಕರಣಗಳ ಜೊತೆ ಇಟ್ಟು, ಅನಂತರ ಅವು ಬೆಳೆಯುತ್ತವೆಯೇ ಎಂದು ನೋಡಬೇಕು. ಬೆಳೆಯದಿದ್ದರೆ ಯಂತ್ರ ಕೆಲಸ ಮಾಡಿದೆ ಎಂದರ್ಥ.

ಒಬ್ಬ ವೈದ್ಯರು, ಒಬ್ಬ ಸಹಾಯಕರು ಇರುವ ಚಿಕಿತ್ಸಾಲಯಕ್ಕೆ ಇದು ಹೊರೆ ಎನ್ನುವ ಆಕ್ಷೇಪ ಸಹಜ. ಆದರೆ ಬೇಕಾದದ್ದು ಪ್ರತಿ ಸರದಿಗೆ ಒಂದೇ ಸಾಲು: ದಿನಾಂಕ, ಸರದಿ ಸಂಖ್ಯೆ, ಉಷ್ಣತೆ, ಅವಧಿ, ಸಹಿ. ಅದೇ ಸಂಖ್ಯೆಯನ್ನು ರೋಗಿಯ ಚೀಟಿಯಲ್ಲೂ ಬರೆದರೆ ತಪ್ಪಿದ ಕೊಂಡಿ ಕೂಡುತ್ತದೆ. ತಪಾಸಣೆಗೆ ಬರುವವರು ಗೋಡೆಯ ಪ್ರಮಾಣಪತ್ರದ ಜೊತೆಗೆ ಈ ಸಾಲನ್ನೂ ಕೇಳಬೇಕು.

ಪ್ರಯೋಗ ಮಾಡದೆ ಪರೀಕ್ಷೆಯ ಹಿಂದಿನ ರಾತ್ರಿ ರೆಕಾರ್ಡ್ ಪುಸ್ತಕ ತುಂಬಿಸುವ ವಿದ್ಯಾರ್ಥಿಗಳನ್ನು ಅಧ್ಯಾಪಕರೆಲ್ಲ ಬಲ್ಲರು. ಅಂಥ ಪುಸ್ತಕದಲ್ಲಿ ಅಂಕಿಗಳು ಅಚ್ಚುಕಟ್ಟಾಗಿರುತ್ತವೆ, ಅಳತೆ ಮಾತ್ರ ನಡೆದಿರುವುದಿಲ್ಲ. ಅಧಿಕಾರಿಗೆ ತೋರಿಸಲೆಂದೇ ಬರೆದ ರಿಜಿಸ್ಟರೂ ಅಂಥದ್ದೇ. ಅಲ್ಲಿ ಹೋಗುವುದು ಅಂಕ. ಇಲ್ಲಿ ಹೋಗುವುದು ಜೀವ.