ಮೊದಲು ತೂಕ ನೆಲೆಗೊಳ್ಳಲಿ, ಆಮೇಲೆ ಫೇಸ್‌ಲಿಫ್ಟ್

ಹದಿನೈದು ಇಪ್ಪತ್ತು ಕಿಲೋ ಇಳಿಸಿಕೊಂಡವರನ್ನು ಮದುವೆಮನೆಯಲ್ಲಿ ನೆಂಟರು ಮೊದಲು ಕೇಳುವುದು ಒಂದೇ: ‘ಏನ್ರೀ, ಇಷ್ಟೊಂದು ಇಳಿದುಹೋಗಿದ್ದೀರಿ, ಹುಷಾರಾಗಿದ್ದೀರಿ ತಾನೇ?’ ಸಕ್ಕರೆ ಹತೋಟಿಗೆ ಬಂದಿರುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ನಿಂತಿರುತ್ತದೆ, ಮಂಡಿನೋವು ಕಡಿಮೆಯಾಗಿರುತ್ತದೆ. ಅದಾವುದೂ ಎದುರಿಗಿದ್ದವರಿಗೆ ಕಾಣುವುದಿಲ್ಲ. ಕಾಣುವುದು ಗುಳಿಬಿದ್ದ ಕೆನ್ನೆ, ಒಳಗೆ ಹೋದ ಕಣ್ಣು, ಗದ್ದದ ಕೆಳಗೆ ಜೋತುಬಿದ್ದ ಚರ್ಮ. ತೂಕ ಇಳಿಸುವ ಚುಚ್ಚುಮದ್ದುಗಳಾದ ಮೌಂಜಾರೋ 2025ರ ಮಾರ್ಚ್‌ನಲ್ಲಿ, ವೆಗೋವಿ ಜೂನ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದ ಮೇಲೆ ಈ ಪ್ರಶ್ನೆ ನಮ್ಮ ಊರುಗಳಲ್ಲೂ ಹೆಚ್ಚು ಕೇಳುತ್ತಿದೆ. ಅದರ ಬೆನ್ನಿಗೇ ‘ಫೇಸ್‌ಲಿಫ್ಟ್ ಮಾಡಿಸಿಕೊಂಡರೆ ಸರಿಹೋಗುತ್ತದೆ’ ಎಂಬ ಸಲಹೆಯೂ ಬರುತ್ತದೆ.

ಫೇಸ್‌ಲಿಫ್ಟ್ ಒಳ್ಳೆಯ ಶಸ್ತ್ರಚಿಕಿತ್ಸೆ. ಐವತ್ತು ವರ್ಷಗಳಲ್ಲಿ ಅದು ಬಹಳ ಪಕ್ವವಾಗಿದೆ. ಆದರೆ ತೂಕ ಇಳಿಸಿದ್ದಕ್ಕೆ ಕೊಟ್ಟುಕೊಳ್ಳುವ ಬಹುಮಾನದಂತೆ, ತೂಕ ಇನ್ನೂ ಇಳಿಯುತ್ತಿರುವಾಗಲೇ ಅದನ್ನು ಮಾಡಿಸಿಕೊಳ್ಳುವ ಅವಸರವನ್ನು ನಾನು ಒಪ್ಪುವುದಿಲ್ಲ. ಕಾರಣ ಮುಖದ ರಚನೆಯಲ್ಲೇ ಇದೆ.

ಮುಖದ ಕೊಬ್ಬು ಚರ್ಮದಡಿ ಒಂದೇ ಹಾಸಾಗಿ ಹರಡಿಕೊಂಡಿಲ್ಲ. ಅಮೆರಿಕದ ರಾಡ್ ರೋರಿಕ್ ಮತ್ತು ಜೋಯಲ್ ಪೆಸ್ಸಾ ಶವಗಳ ಮುಖಕ್ಕೆ ನೀಲಿ ಬಣ್ಣ ಚುಚ್ಚಿ, ಅದು ಎಲ್ಲಿಯವರೆಗೆ ಹರಡಿ ಎಲ್ಲಿ ನಿಲ್ಲುತ್ತದೆ ಎಂದು ನೋಡಿದರು. 2007ರಲ್ಲಿ ಪ್ರಕಟವಾದ ಅವರ ಅಧ್ಯಯನದಿಂದ ತಿಳಿದದ್ದೇನೆಂದರೆ, ಮುಖದ ಕೊಬ್ಬು ಬೇರೆ ಬೇರೆ ಕೋಣೆಗಳಲ್ಲಿದೆ, ಪ್ರತಿ ಕೋಣೆಗೂ ತನ್ನದೇ ಗೋಡೆಯಿದೆ. ಕೆನ್ನೆಯ ಮೇಲ್ಭಾಗ, ಕಣ್ಣಿನ ಕೆಳಗಿನ ಭಾಗ, ದವಡೆಯ ಅಂಚು ಎಲ್ಲಕ್ಕೂ ಪ್ರತ್ಯೇಕ ದಾಸ್ತಾನು. ತೂಕ ಇಳಿದಾಗ ಇವೆಲ್ಲ ಒಂದೇ ಪ್ರಮಾಣದಲ್ಲಿ ಕರಗುವುದಿಲ್ಲ. ಕೊಬ್ಬು ಕುಗ್ಗಿದಷ್ಟು ಬೇಗ ಅದರ ಮೇಲಿನ ಚರ್ಮ ಕುಗ್ಗುವುದಿಲ್ಲ. ನಲವತ್ತು ದಾಟಿದವರಲ್ಲಂತೂ ಕುಗ್ಗುವ ಶಕ್ತಿಯೇ ಕಡಿಮೆ. ಇದನ್ನು ಆ ಚುಚ್ಚುಮದ್ದುಗಳ ದೋಷವೆಂದು ಹೇಳುವುದು ತಪ್ಪು. ಉಪವಾಸ, ವ್ಯಾಯಾಮ, ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ, ಯಾವ ದಾರಿಯಿಂದ ತೂಕ ಇಳಿದರೂ ಮುಖ ಹೀಗೇ ಬದಲಾಗುತ್ತದೆ. ಚುಚ್ಚುಮದ್ದಿನಿಂದ ಕಡಿಮೆ ಕಾಲದಲ್ಲಿ ಹೆಚ್ಚು ತೂಕ ಇಳಿಯುವುದರಿಂದ ಬದಲಾವಣೆ ಎದ್ದು ಕಾಣುತ್ತದೆ, ಅಷ್ಟೆ.

ಹಾಗಾದರೆ ಫೇಸ್‌ಲಿಫ್ಟ್ ಇದರಲ್ಲಿ ಯಾವುದನ್ನು ಸರಿಪಡಿಸುತ್ತದೆ? ಕೆನ್ನೆಯ ಚರ್ಮ ಮತ್ತು ಕೊಬ್ಬಿನ ಕೆಳಗೆ ಸ್ನಾಯುಗಳನ್ನು ಜೋಡಿಸುವ ಗಟ್ಟಿ ಪದರವೊಂದಿದೆ. ಸರ್ಜನ್ನರು ಅದನ್ನು ‘ಸ್ಮಾಸ್’ ಎನ್ನುತ್ತಾರೆ. 1976ರಲ್ಲಿ ಫ್ರಾನ್ಸಿನ ಮಿಟ್ಜ್ ಮತ್ತು ಪೆರೋನಿ ಇದನ್ನು ವಿವರಿಸಿದರು. 1990ರಲ್ಲಿ ಅಮೆರಿಕದ ಸ್ಯಾಮ್ ಹಮ್ರಾ ಇನ್ನೂ ಆಳಕ್ಕೆ ಹೋಗಿ, ಈ ಪದರವನ್ನೂ ಅದರ ಮೇಲಿನದನ್ನೂ ಒಟ್ಟಾಗಿ ಬಿಡಿಸಿ ಮೇಲಕ್ಕೆತ್ತುವ ‘ಡೀಪ್ ಪ್ಲೇನ್’ ವಿಧಾನವನ್ನು ಪ್ರಕಟಿಸಿದರು. ಎಳೆತದ ಭಾರವನ್ನೆಲ್ಲ ಒಳಗಿನ ಪದರ ಹೊರಬೇಕು, ಮೇಲಿನ ಚರ್ಮ ಬಿಗಿತವಿಲ್ಲದೆ ಕೂರಬೇಕು ಎಂಬುದೇ ಒಳ್ಳೆಯ ಫೇಸ್‌ಲಿಫ್ಟಿನ ಲಕ್ಷಣ. ಜಾರಿದ್ದನ್ನು ಅದು ಮೇಲಕ್ಕೆತ್ತುತ್ತದೆ, ಹೆಚ್ಚಾದ ಚರ್ಮವನ್ನು ಕತ್ತರಿಸಿ ತೆಗೆಯುತ್ತದೆ. ಕಳೆದುಹೋದ ಕೊಬ್ಬನ್ನು ತಂದುಕೊಡುವ ಸಾಮರ್ಥ್ಯ ಮಾತ್ರ ಅದಕ್ಕಿಲ್ಲ.

ಇದನ್ನು ಯಾರಾದರೂ ಕನ್ನಡಿಯೆದುರು ನಿಂತು ನೋಡಬಹುದು. ಕಿವಿಯ ಮುಂದೆ ಎರಡು ಬೆರಳಿಟ್ಟು ಚರ್ಮವನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲಗೆ ಸರಿಸಿ. ದವಡೆಯ ಅಂಚಿನ ಜೋಲು ಮಾಯವಾಗುತ್ತದೆ, ಕುತ್ತಿಗೆಯ ನೆರಿಗೆ ಸಡಿಲುತ್ತದೆ. ಕೆನ್ನೆಯ ಗುಳಿ ಮಾತ್ರ ಹಾಗೇ ಇರುತ್ತದೆ, ಕೆಲವರಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. ಅರ್ಧ ಹತ್ತಿ ತೆಗೆದ ದಿಂಬಿನ ಗವಸನ್ನು ಎಷ್ಟು ಎಳೆದು ಕಟ್ಟಿದರೂ ದಿಂಬು ತುಂಬಿಕೊಳ್ಳುವುದಿಲ್ಲ. ಈ ಕೊರತೆಯನ್ನು ಎಳೆತದಿಂದಲೇ ಮುಚ್ಚಲು ಹೋದಾಗ ಗಾಳಿಗೆ ಎದುರಾಗಿ ನಿಂತಂಥ ಮುಖಗಳಾಗುತ್ತವೆ. ಕಿವಿಯ ಹಾಲೆಯನ್ನು ಗಮನಿಸಿದರೂ ಸಾಕು. ಚರ್ಮವನ್ನು ಅತಿಯಾಗಿ ಬಿಗಿದು ಹೊಲಿದರೆ, ವಾರಗಳು ಕಳೆದಂತೆ ಹಾಲೆ ಕೆಳಕ್ಕೆ ಜಗ್ಗಿ, ಕೆನ್ನೆಗೆ ಅಂಟಿಕೊಂಡು, ತನ್ನ ದುಂಡಗಿನ ಅಂಚನ್ನೇ ಕಳೆದುಕೊಳ್ಳುತ್ತದೆ. ಓಲೆ ಹಾಕುವವರಿಗೆ ಇದು ಪ್ರತಿದಿನದ ಬೇಸರ.

ಕೊಬ್ಬಿಗೂ ಯೌವನಕ್ಕೂ ಇರುವ ಸಂಬಂಧದ ಬಗ್ಗೆ 2009ರಲ್ಲಿ ಬಾಹ್ಮನ್ ಗುಯುರೋನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ನನಗೆ ಬಹಳ ಮುಖ್ಯವೆನಿಸುತ್ತದೆ. ಓಹಾಯೋದ ಟ್ವಿನ್ಸ್‌ಬರ್ಗ್‌ನಲ್ಲಿ ನಡೆಯುವ ಅವಳಿಗಳ ಉತ್ಸವಕ್ಕೆ ಬಂದ ಒಂದೇ ರೂಪದ ಅವಳಿಗಳ ಫೋಟೋಗಳನ್ನು ಅವರು ಹೋಲಿಸಿ ನೋಡಿದರು. ನಲವತ್ತರೊಳಗಿನ ಜೋಡಿಗಳಲ್ಲಿ ಬಿಎಂಐ ನಾಲ್ಕು ಅಂಶ ಹೆಚ್ಚಿದ್ದವರು ವಯಸ್ಸಾದವರಂತೆ ಕಂಡರು. ನಲವತ್ತು ದಾಟಿದವರಲ್ಲಿ ಅಷ್ಟೇ ಹೆಚ್ಚು ಬಿಎಂಐ ಇದ್ದವರು ಚಿಕ್ಕವರಂತೆ ಕಂಡರು. ವಂಶವಾಹಿ ಒಂದೇ, ಹುಟ್ಟಿದ ದಿನ ಒಂದೇ. ನಡುವಯಸ್ಸಿನ ಮುಖಕ್ಕೆ ಒಂದಿಷ್ಟು ಕೊಬ್ಬು ಬೇಕು ಎನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನಾನು ಕಂಡಿಲ್ಲ. ಆರೋಗ್ಯಕ್ಕಾಗಿ ತೂಕ ಇಳಿಸುವವರು ಇದನ್ನು ಓದಿ ಹಿಂಜರಿಯಬೇಕಿಲ್ಲ. ಮುಖ ಮುಂದೆ ಹೇಗಾಗಬಹುದು ಎಂದು ತಿಳಿದಿರಲಿ ಎಂಬುದಷ್ಟೇ ನನ್ನ ಉದ್ದೇಶ.

ಇನ್ನು ಕಾಲದ ಲೆಕ್ಕ. ತೂಕ ಒಂದೇ ಮಟ್ಟದಲ್ಲಿ ಸುಮಾರು ಆರು ತಿಂಗಳು ನಿಂತ ಮೇಲೆಯೇ ಫೇಸ್‌ಲಿಫ್ಟ್ ಎಂಬುದು ಎಚ್ಚರಿಕೆಯ ಸರ್ಜನ್ನರು ಪಾಲಿಸುವ ನಿಯಮ. ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯಾದವರಲ್ಲಿ ತೂಕ ಇಳಿಯುವುದು ನಿಲ್ಲಲು ಸಾಮಾನ್ಯವಾಗಿ ಹನ್ನೆರಡರಿಂದ ಹದಿನೆಂಟು ತಿಂಗಳು ಬೇಕು. ಚುಚ್ಚುಮದ್ದಿನ ಕಥೆಯೂ ಹೆಚ್ಚು ಬೇರೆಯಿಲ್ಲ. 2021ರಲ್ಲಿ ಪ್ರಕಟವಾದ ಸೆಮಾಗ್ಲುಟೈಡ್ (ವೆಗೋವಿಯಲ್ಲಿರುವ ಔಷಧಿ) ಪ್ರಯೋಗದಲ್ಲಿ 68 ವಾರಗಳಲ್ಲಿ ಸರಾಸರಿ ಶೇ 14.9ರಷ್ಟು ತೂಕ ಇಳಿದಿತ್ತು. ಮರುವರ್ಷದ ಟಿರ್ಜೆಪಟೈಡ್ (ಮೌಂಜಾರೋದಲ್ಲಿರುವ ಔಷಧಿ) ಪ್ರಯೋಗದಲ್ಲಿ ಗರಿಷ್ಠ ಡೋಸ್ ಪಡೆದವರಿಗೆ 72 ವಾರಗಳಲ್ಲಿ ಶೇ 20.9ರಷ್ಟು. ಎಂದರೆ ಮೊದಲ ಚುಚ್ಚುಮದ್ದಿನಿಂದ ಒಂದು ವರ್ಷ ದಾಟಿದ ಮೇಲೆ ತೂಕ ನೆಲೆಗೊಳ್ಳುತ್ತದೆ, ಅದರ ಮೇಲೆ ಆರು ತಿಂಗಳು. ನಾಲ್ಕನೇ ತಿಂಗಳಿಗೇ ಆಪರೇಷನ್ ದಿನಾಂಕ ಕೊಡುವವರು ಆಮೇಲೆ ಕರಗಲಿರುವ ಕೊಬ್ಬನ್ನು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ. ಹೊಲಿಗೆ ಬಿಚ್ಚಿದ ಮೇಲೂ ಹತ್ತು ಕಿಲೋ ಇಳಿದರೆ ಚರ್ಮ ಮತ್ತೆ ಸಡಿಲವಾಗುತ್ತದೆ. ಎರಡನೆಯ ಸಲದ ಫೇಸ್‌ಲಿಫ್ಟ್ ಮೊದಲನೆಯದಷ್ಟು ಸುಲಭವಲ್ಲ, ಗಾಯದ ಗಂಟುಗಳ ನಡುವೆ ಮುಖದ ನರಗಳನ್ನು ಕಾಪಾಡಿಕೊಂಡು ಕೆಲಸ ಮಾಡಬೇಕು.

ಆರು ತಿಂಗಳ ನಿಯಮಕ್ಕೂ ಈಗ ಒಂದು ತೊಡಕು ಬಂದಿದೆ. ಹಿಂದೆ ತೂಕ ನಿಂತಿದೆ ಎಂದರೆ ಆ ವ್ಯಕ್ತಿಯ ಊಟ, ಓಡಾಟ, ದೇಹ ಎಲ್ಲ ಒಂದು ಹದಕ್ಕೆ ಬಂದಿದೆ ಎಂದರ್ಥವಿತ್ತು. ಈಗ ಅದನ್ನು ಹಿಡಿದಿಟ್ಟಿರುವುದು ವಾರಕ್ಕೊಂದು ಚುಚ್ಚುಮದ್ದು. ಸೆಮಾಗ್ಲುಟೈಡ್ ನಿಲ್ಲಿಸಿದವರು ಒಂದು ವರ್ಷದಲ್ಲಿ ಇಳಿಸಿದ್ದರ ಮೂರನೇ ಎರಡು ಭಾಗವನ್ನು ಮರಳಿ ಪಡೆದರೆಂದು ಅದೇ ಪ್ರಯೋಗದ ಮುಂದುವರಿದ ಭಾಗ ತೋರಿಸಿತು. ಹಾಗಾಗಿ ‘ತೂಕ ನಿಂತಿದೆಯೇ’ ಎಂದು ಕೇಳಿ ಸುಮ್ಮನಾಗುವ ಸರ್ಜನ್ ಅರ್ಧ ಪ್ರಶ್ನೆ ಮಾತ್ರ ಕೇಳಿದ್ದಾರೆ. ‘ಔಷಧಿ ಮುಂದುವರಿಸುತ್ತೀರಾ, ಎಷ್ಟು ಕಾಲ, ಅಷ್ಟು ಖರ್ಚು ನಿಭಾಯಿಸಬಲ್ಲಿರಾ’ ಎಂದೂ ಕೇಳಬೇಕು. ಲಕ್ಷಾಂತರ ರೂಪಾಯಿ ಕೊಟ್ಟು ಮುಖ ಸರಿಪಡಿಸಿಕೊಂಡು, ಆರು ತಿಂಗಳಿಗೆ ಔಷಧಿಯ ದುಡ್ಡು ಹೊಂದಿಸಲಾಗದೆ ನಿಲ್ಲಿಸಿದರೆ ಸರ್ಜನ್‌ನ ಕೈಚಳಕ ಏನು ಮಾಡೀತು?

ಗುಳಿಬಿದ್ದ ಕೆನ್ನೆಗೆ ಹೊಟ್ಟೆ ಅಥವಾ ತೊಡೆಯಿಂದ ತೆಗೆದ ಕೊಬ್ಬನ್ನೇ ಸಣ್ಣ ಸಣ್ಣ ಹನಿಗಳಾಗಿ ತುಂಬುವ ಪದ್ಧತಿಯಿದೆ. ನ್ಯೂಯಾರ್ಕಿನ ಸಿಡ್ನಿ ಕೋಲ್ಮನ್ 1990ರ ದಶಕದಲ್ಲಿ ಇದಕ್ಕೊಂದು ಶಿಸ್ತು ತಂದರು. ತೂಕ ಇಳಿಸಿದವರಿಗೆ ಎತ್ತುವುದು, ತುಂಬುವುದು ಎರಡೂ ಸೇರಿದರೇ ಮುಖ ಸಹಜವಾಗಿ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೆ ಇಲ್ಲೂ ಕಾಲ ಮುಖ್ಯ. ತುಂಬಿದ್ದರಲ್ಲಿ ಒಂದು ಭಾಗ ಮಾತ್ರ ಉಳಿಯುತ್ತದೆ. ಹಾಗೆ ಉಳಿದ ಕೊಬ್ಬು ಜೀವಂತವಾಗಿರುತ್ತದೆ. ತೂಕ ಏರಿದರೆ ಕೆನ್ನೆಯಲ್ಲೂ ಉಬ್ಬುತ್ತದೆ, ಇಳಿದರೆ ಕುಗ್ಗುತ್ತದೆ.

ಕಾಯುವುದಕ್ಕೆ ಇನ್ನೂ ಎರಡು ಕಾರಣ ಹೇಳುತ್ತೇನೆ. ಚುಚ್ಚುಮದ್ದಿನಿಂದ ಹಸಿವೇ ಇಲ್ಲದವರು ಮುದ್ದೆ, ಅನ್ನ, ಕಾಳು, ಮೊಟ್ಟೆ ಎಲ್ಲವನ್ನೂ ಕಡಿಮೆ ಮಾಡಿರುತ್ತಾರೆ. ಪ್ರೋಟೀನ್, ಕಬ್ಬಿಣ, ಬಿ12 ಕೊರತೆಯಾದ ಮೈಯಲ್ಲಿ ಗಾಯ ನಿಧಾನವಾಗಿ ಮಾಯುತ್ತದೆ. ಬೇಗ ತೂಕ ಇಳಿದವರಿಗೆ ಎರಡು ಮೂರು ತಿಂಗಳಲ್ಲಿ ಕೂದಲು ಉದುರುವುದೂ ಸಾಮಾನ್ಯ. ಫೇಸ್‌ಲಿಫ್ಟಿನ ಕೊಯ್ತ ಹಣೆಪಕ್ಕದ ಕೂದಲಲ್ಲಿ ಶುರುವಾಗಿ, ಕಿವಿಯ ಮುಂದೆ ಇಳಿದು, ಹಾಲೆಯ ಸುತ್ತ ಹಾದು, ಹಿಂದಿನ ಕೂದಲಲ್ಲಿ ಮುಗಿಯುತ್ತದೆ. ಆ ಗುರುತನ್ನು ಮುಚ್ಚುವುದೇ ಕೂದಲು. ನಮ್ಮ ಬಣ್ಣದ ಚರ್ಮದಲ್ಲಿ ಗಾಯ ಕಪ್ಪಾಗುವ, ಉಬ್ಬುವ ಸಾಧ್ಯತೆ ಹೆಚ್ಚು. ಉದುರಿದ ಕೂದಲು ಮತ್ತೆ ಬೆಳೆಯುವವರೆಗೆ ಕಾದರೆ ನಷ್ಟವೇನಿಲ್ಲ.

ಆಪರೇಷನ್ ದಿನ ಅರಿವಳಿಕೆ ಕೊಡುವ ವೈದ್ಯರಿಗೆ ಈ ಚುಚ್ಚುಮದ್ದಿನ ವಿಷಯ ಹೇಳಲೇಬೇಕು. ಅದು ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತದೆ, ಹಿಂದಿನ ರಾತ್ರಿಯ ಊಟ ಇನ್ನೂ ಉಳಿದಿದ್ದರೆ ಶ್ವಾಸಕೋಶಕ್ಕೆ ನುಗ್ಗುವ ಅಪಾಯವಿದೆ. ಅಮೆರಿಕದ ಅರಿವಳಿಕೆ ತಜ್ಞರ ಸಂಘ 2023ರಲ್ಲಿ ವಾರದ ಡೋಸನ್ನು ಒಂದು ವಾರ ಮೊದಲೇ ನಿಲ್ಲಿಸಿ ಎಂದಿತ್ತು. 2024ರಲ್ಲಿ ಹಲವು ಸಂಘಗಳು ಸೇರಿ, ಹೆಚ್ಚಿನವರು ಮುಂದುವರಿಸಬಹುದು, ಅಪಾಯವಿರುವವರು ಹಿಂದಿನ ದಿನ ದ್ರವಾಹಾರದಲ್ಲಿರಲಿ ಎಂದು ಸಲಹೆ ಬದಲಿಸಿದವು. ಕೆಲವರು ನಾಚಿಕೆಯಿಂದ ಮುಚ್ಚಿಡುತ್ತಾರೆ. ದಯವಿಟ್ಟು ಮುಚ್ಚಿಡಬೇಡಿ.

ತೂಕ ನೆಲೆಗೊಂಡ ಮುಖಕ್ಕೆ, ಗುಳಿಯನ್ನೂ ತುಂಬಿ, ಒಳಪದರವನ್ನು ಎತ್ತಿ ಮಾಡಿದ ಫೇಸ್‌ಲಿಫ್ಟ್ ಕುತ್ತಿಗೆಗೂ ದವಡೆಗೂ ಕೊಡುವ ಫಲಿತಾಂಶವನ್ನು ಕ್ರೀಮು, ಲೇಸರ್, ಚರ್ಮದಡಿ ಹಾಕಿ ಎಳೆಯುವ ದಾರ ಯಾವುದೂ ಕೊಡಲಾರದು. ಅವಸರದ್ದು ಹಣವನ್ನೂ ನುಂಗುತ್ತದೆ, ಮುಂದಿನ ಚಿಕಿತ್ಸೆಯ ದಾರಿಯನ್ನೂ ಕಷ್ಟ ಮಾಡುತ್ತದೆ. ಸಲಹೆಗೆ ಹೋಗುವಾಗ ಕಳೆದ ಆರು ತಿಂಗಳ ತೂಕವನ್ನು ತಿಂಗಳವಾರು ಬರೆದುಕೊಂಡು ಹೋಗಿ. ವೈದ್ಯರಿಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ ಪದವಿ ಇದೆಯೇ ಎಂದು ಕೇಳಿ. ಆಪರೇಷನ್ ಆದ ಮೂರು ತಿಂಗಳ ಫೋಟೋ ತೋರಿಸಿದರೆ ಎರಡು ವರ್ಷದ್ದನ್ನೂ ತೋರಿಸಿ ಎನ್ನಿ. ತೂಕ ಬರೆದ ಆ ಕಾಗದವನ್ನು ನೋಡದೆಯೇ ದಿನಾಂಕ ಕೊಡುವವರ ಬಳಿ ಮುಂಗಡ ಕಟ್ಟದೆ ಎದ್ದು ಬನ್ನಿ.